ಹೊಟ್ಟೆಯ ಮೇಲೆ ಹೆಸರಿದ್ದ ಡಬ್ಬಿ

ನಾನು ಒಂದು ಸ್ಟೀಲ್ ಡಬ್ಬಿ. ಎರಡು ಸೇರು ಹಿಟ್ಟು ಹಿಡಿಯುವಷ್ಟು ಹೊಟ್ಟೆ, ಬಿಗಿಯಾದ ಮುಚ್ಚಳ, ಎತ್ತಿಕೊಳ್ಳಲು ಮೇಲೊಂದು ಹಿಡಿಕೆ. ಇಂಥ ಡಬ್ಬಿಗಳು ಸಾವಿರಾರು ಇವೆ ಎಂದು ನೀವು ಹೇಳಬಹುದು. ಹೇಳಿ, ನನಗೇನೂ ಬೇಜಾರಿಲ್ಲ. ಕಾರ್ಖಾನೆಯಲ್ಲಿ ಹುಟ್ಟಿದಾಗ ನಾನೂ ಆ ಸಾವಿರದಲ್ಲಿ ಒಂದಾಗಿಯೇ ಇದ್ದೆ. ತಗಡು ಒತ್ತಿದರು, ಅಂಚು ಮಡಚಿದರು, ಉಜ್ಜಿ ಹೊಳಪು ಕೊಟ್ಟರು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಲಾರಿಗೆ ಹಾಕಿದರು. ನಾನು ಇಳಿದದ್ದು ಲಕ್ಷ್ಮೇಶ್ವರದ ಪೇಟೆಯಲ್ಲಿ, ಪದ್ಮಣ್ಣ ಬೋಗಾರರ ಭಾಂಡೆ ಅಂಗಡಿಯಲ್ಲಿ. ನನ್ನ ನಿಜವಾದ ಹುಟ್ಟು ಆದದ್ದು ಅಲ್ಲಿಯೇ.

ಒಂದು ಬೆಳಿಗ್ಗೆ ಕಲ್ಲಗೋನಾಳದ ಮುದಕಪ್ಪ ಎಂಬ ರೈತ ಅಂಗಡಿಗೆ ಬಂದ. ಅಕ್ಕನ ಮಗಳಿಗೆ ಲಗ್ನ ನಿಶ್ಚಯವಾಗಿತ್ತು. ಹುಡುಗಿಗೆ ತಂದೆ ಇರಲಿಲ್ಲ. ತಾಯಿ ಮಗಳು ಇಬ್ಬರೂ ಮುದಕಪ್ಪನ ಮನೆಯಲ್ಲೇ ಇದ್ದರು. ಸೋದರಮಾವ ಕೊಡುವ ಭಾಂಡೆ ಎಂದರೆ ನಾಲ್ಕು ಜನ ನೋಡುವಂತಿರಬೇಕೆಂದು ಆತ ಕಪಾಟಿನ ಪಾತ್ರೆಗಳನ್ನೆಲ್ಲ ಬಡಿದು ನೋಡಿ ಕೊನೆಗೆ ನನ್ನನ್ನು ಆರಿಸಿದ. ಒಳ್ಳೆಯ ಕಿವಿ ಇದ್ದ ಮನುಷ್ಯ.

"ಹೆಸರ ಹಾಕಸಬೇಕ್ರಿ ಪದ್ಮಣ್ಣಾರ," ಎಂದ.

"ಎಷ್ಟ ಹಾಕ್ಲಿ? ಹುಡಿಗಿ ಹೆಸರ ಅಷ್ಟ ಸಾಕೋ?"

"ಯಾವೂರಿಗೆ ಹೊಂಟಾಳ ಅನ್ನೂದು ಗೊತ್ತೈತೇನ್ರಿ ನಿಮಗ? ಗುಜರಾತಕ್ಕ. ಎರಡ ದಿನದ ರೇಲ್ವೆ ಹಾದಿ."

ಪದ್ಮಣ್ಣ ಕನ್ನಡಕ ಏರಿಸಿಕೊಂಡರು. ಭಾಂಡೆಗೆ ಹೆಸರು ಹಾಕುವುದರಲ್ಲಿ ಅವರದು ಒಂದು ಹಟ. ಯಾರಿಗೆ, ಯಾರಿಂದ, ಯಾವ ಊರು, ಯಾವ ತಾರೀಖು, ಎಲ್ಲವೂ ಇರಬೇಕು. "ಹಂಗಾದ್ರ ಪೂರಾ ಬರೀತೀನಿ. ದೂರ ಹೋಗೂ ಭಾಂಡೆಕ್ಕ ವಿಳಾಸ ಇರಬೇಕು," ಎಂದು ಸಣ್ಣ ಚಾಣ, ಸಣ್ಣ ಸುತ್ತಿಗೆ ಹಿಡಿದು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಚುಕ್ಕಿ ಚುಕ್ಕಿಯಾಗಿ ಅಕ್ಷರ ಬಿತ್ತು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮುಗಿದಾಗ ನನ್ನ ಹೊಟ್ಟೆಯ ಮೇಲೆ ಮೂರು ಸಾಲು ದುಂಡಗೆ ಕುಳಿತಿದ್ದವು: "ಚಿ. ಸೌ. ಫಕ್ಕೀರವ್ವನ ಲಗ್ನಕ್ಕೆ ಸೋದರಮಾವ ಮುದಕಪ್ಪ ಬಸಪ್ಪ ಹೊಳಿಯಪ್ಪನವರ, ಸಾ. ಕಲ್ಲಗೋನಾಳ, ಪೋ. ಲಕ್ಷ್ಮೇಶ್ವರ, ಇವರ ಪ್ರೀತಿಯ ಕಾಣಿಕೆ." ಕೆಳಗೆ ತಾರೀಖು. ಪಕ್ಕದ ಡಬ್ಬಿಗಳು ಹೊಟ್ಟೆ ಉರಿದುಕೊಂಡದ್ದು ನನಗೆ ಗೊತ್ತಾಯಿತು.

ಲಗ್ನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮಧ್ಯಸ್ಥಿಕೆಗೆ ಬಂದವನೊಬ್ಬ ಫೋಟೋ ತೋರಿಸಿದ್ದ, ವರದಕ್ಷಿಣೆ ಬೇಡ, ಖರ್ಚೆಲ್ಲ ನಮ್ಮದೇ ಎಂದಿದ್ದ. ಹತ್ತಿಯ ಗಿರಣಿಯಲ್ಲಿ ಕೆಲಸ, ಸ್ವಂತ ಮನೆ, ಕುಡಿಯುವುದಿಲ್ಲ, ಸೇದುವುದಿಲ್ಲ. ಅವನ ಹೇಳಿಕೆಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೊಡೆಯುತ್ತಾನೆಯೇ ಎಂದು ಅವನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಗುಡಿಯಲ್ಲಿ ಅಕ್ಕಿಕಾಳು ಬಿದ್ದ ಮೂರನೆಯ ದಿನ, ಶೇಂಗಾ ಹೋಳಿಗೆ ತುಂಬಿಕೊಂಡು ನಾನು ಫಕ್ಕೀರವ್ವನ ಮಡಿಲಲ್ಲಿ ರೈಲು ಹತ್ತಿದೆ. ತಾಯಿ ಕಿಟಕಿಗೆ ಬಂದು "ಹೊಂದಿಕೊಂಡ ಹೋಗವ್ವಾ" ಎಂದಳು. ಆ ಮಾತು ಹೋಳಿಗೆಗಿಂತ ಹೆಚ್ಚು ದಿನ ಉಳಿಯಿತು.

ಸೌರಾಷ್ಟ್ರದ ಆ ಸಣ್ಣ ಪೇಟೆಯ ಹೆಸರು ನಾನು ಹೇಳುವುದಿಲ್ಲ. ಒಂದು ಮನೆಯ ತಪ್ಪಿಗೆ ಇಡೀ ಊರಿಗೆ ಕೆಟ್ಟ ಹೆಸರು ಏಕೆ ತರಬೇಕು? ಗಂಡನ ಹೆಸರು ಹಸಮುಖ. ನಗುಮುಖದವನು ಎಂದು ಅರ್ಥವಂತೆ. ಇಟ್ಟವರು ಯಾವ ಭರವಸೆಯ ಮೇಲೆ ಇಟ್ಟರೋ ಕಾಣೆ. ಅವನ ತಾಯಿಯನ್ನು ಎಲ್ಲರೂ ಬಾ ಎಂದು ಕರೆಯುತ್ತಿದ್ದರು. ಅವರ ಮಾತು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ತಿಳಿದ ಮೇಲೆ, ತಿಳಿಯದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಅವರಾಡಿದ್ದನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಮೊದಲು ಹೋದದ್ದು ಹೆಸರು. "ಫಕ್ಕೀರವ್ವ! ಇದೆಂಥ ಹೆಸರು? ಇಲ್ಲಿ ಯಾರ ನಾಲಿಗೆಗೂ ಹೊರಳುವುದಿಲ್ಲ. ಇವತ್ತಿನಿಂದ ನೀನು ಕೋಮಲ್," ಎಂದಳು ಬಾ. ಮದುಮಗಳ ಹೆಸರು ಬದಲಿಸುವುದು ಅಲ್ಲಿ ಎಷ್ಟೋ ಮನೆಗಳಲ್ಲಿ ಇದ್ದದ್ದೇ, ಅದರಲ್ಲಿ ಕೆಡುಕೇನಿಲ್ಲ. ಆದರೆ ಆಮೇಲೆ ಆಧಾರ್ ಕಾರ್ಡು ಹಸಮುಖನ ಕಪಾಟು ಸೇರಿತು. ಲಗ್ನಪತ್ರಿಕೆ, ಫೋಟೋ ಕೂಡ ಅಲ್ಲಿಗೇ ಹೋದವು. ಫೋನು "ಕೆಟ್ಟಿತು", ರಿಪೇರಿಗೆ ಹೋದದ್ದು ಬರಲೇ ಇಲ್ಲ. ಮುದಕಪ್ಪ ಫೋನ್ ಮಾಡಿದರೆ ಹಸಮುಖ ಹಿಂದಿಯಲ್ಲಿ, ಆರಾಮ ಇದ್ದಾಳೆ, ಗುಡಿಗೆ ಹೋಗಿದ್ದಾಳೆ ಎನ್ನುತ್ತಿದ್ದ. ಪಾಪ, ಮುದಕಪ್ಪನಿಗೆ ಬರುತ್ತಿದ್ದ ಹಿಂದಿ "ಅಚ್ಛಾ" ಒಂದೇ.

ಅವಳ ಹೆಸರಿದ್ದ ವಸ್ತುಗಳೆಲ್ಲ ಹೀಗೆ ಕಾಣೆಯಾದವು, ನಾನೊಬ್ಬನನ್ನು ಬಿಟ್ಟು. ಬಾ ನನ್ನ ಹೊಟ್ಟೆಯ ಮೇಲೆ ಬೆರಳಾಡಿಸಿ, "ಬಳ್ಳಿಯ ಡಿಸೈನು ಚೆನ್ನಾಗಿದೆ," ಎಂದು ಎಲ್ಲರಿಗೂ ಕಾಣುವಂತೆ ಮುಂದಿನ ಸಾಲಿನಲ್ಲಿ ಇಟ್ಟಿದ್ದಳು. ಕನ್ನಡ ಅಕ್ಷರ ಕಂಡರಿಯದವರಿಗೆ ಅದು ಬಳ್ಳಿಯಂತೆ ಕಂಡರೆ ತಪ್ಪೇನು? ನಾನು ಬಳ್ಳಿಯಾಗಿಯೇ ಸುಮ್ಮನೆ ಕುಳಿತೆ.

ಹೊಡೆತ ಯಾವಾಗ ಶುರುವಾಯಿತು ಎಂದು ಹೇಳುವುದು ಕಷ್ಟ. ಮೊದಲು ರೊಟ್ಟಿ ದಪ್ಪವಾಯಿತೆಂದು ತಾಟು ಸರಿಸಿದ. ಆಮೇಲೆ ಮಾತು ತಿಳಿಯಲಿಲ್ಲವೆಂದು ಕೈ ತಿರುಚಿದ. ಗಿರಣಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದ. ಬಾ ಇದ್ದ ದಿನ ಚಿಲಕ ಇಲ್ಲ, ಬಾ ಇದ್ದಳಲ್ಲ! "ನಿನ್ನನ್ನು ತಂದದ್ದು ನಾವು," ಎನ್ನುವುದು ಅವನ ಮುಖ್ಯ ವಾದ, ಸಂತೆಯಿಂದ ಸಾಮಾನು ತಂದವನ ಹಾಗೆ. ಫಕ್ಕೀರವ್ವ ಊರಲ್ಲಿ ಎತ್ತು ಹೂಡಿದ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸಾದವಳು. ಅಂಥವಳು ಬಾಗಿಲು ಸದ್ದಾದರೆ ಗೋಡೆಗೆ ಸರಿಯುವುದನ್ನು ಕಲಿತಳು. ಅದನ್ನು ನೋಡುವಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಈಗ ಹೇಳಲು ನಾಚಿಕೆಯಾಗುವ ಒಂದು ಸಂಗತಿ ಹೇಳಬೇಕು. ಎರಡನೆಯ ವರ್ಷದ ಒಂದು ಮಧ್ಯಾಹ್ನ ಅವಳು, ಅವ್ವನ ಜೊತೆ ಒಂದು ಸಲ ಮಾತಾಡಿಸಿ ಎಂದು ಅವನನ್ನು ಕೇಳಿದಳು. ಅವನ ಕೈಗೆ ಸಿಕ್ಕಿದ್ದು ನಾನು. ಎತ್ತಿ ಬೀಸಿದ. ನಾನು ಅವಳ ಹುಬ್ಬಿಗೆ ಬಡಿದೆ, ಆಮೇಲೆ ಗೋಡೆಗೆ. ಅವಳಿಗಾಗಿ ಪ್ರೀತಿಯಿಂದ ಕೊಂಡ ವಸ್ತು ನಾನು. ಆದರೂ ಅವಳ ರಕ್ತ ನನ್ನ ಅಂಚಿನ ಮೇಲಿತ್ತು. ಅವಳು ಅಳಲಿಲ್ಲ. ಒಂದು ಕೈಯಲ್ಲಿ ಸೆರಗು ಹುಬ್ಬಿಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ನನ್ನನ್ನು ತೊಳೆದಳು. ಅವಳ ಹುಬ್ಬಿನಲ್ಲಿ ಒಂದು ಗೆರೆ ಉಳಿಯಿತು, ನನ್ನ ಹೊಟ್ಟೆಯಲ್ಲಿ ಒಂದು ನೆಗ್ಗು. ಅಕ್ಷರಗಳ ಪಕ್ಕಕ್ಕೇ ಬಿದ್ದಿತ್ತು, ಅಕ್ಷರ ಒಂದೂ ಕೆಟ್ಟಿರಲಿಲ್ಲ. ಅದೊಂದು ಸಮಾಧಾನ.

ನೆಗ್ಗಿದ ಮೇಲೆ ನನ್ನ ಮಾನ ಇಳಿಯಿತು. ಬಾ ನನ್ನನ್ನು ಮುಂದಿನ ಸಾಲಿನಿಂದ ತೆಗೆದು, ಹೊರಗೆ ಕೊಟ್ಟು ಕಳಿಸುವ ಡಬ್ಬಿ ಮಾಡಿದಳು. ಎಲ್ಲ ಊರಿನ ಹೆಂಗಸರ ಜಾಣತನವೂ ಇದರಲ್ಲಿ ಒಂದೇ: ನೆರೆಮನೆಗೆ ಏನಾದರೂ ಕಳಿಸುವಾಗ ಒಳ್ಳೆಯ ಪಾತ್ರೆಯಲ್ಲಿ ಕಳಿಸುವುದಿಲ್ಲ, ತಿರುಗಿ ಬಾರದಿದ್ದರೆ ಎಂದು. ಹೀಗೆ ಫಕ್ಕೀರವ್ವ ದಾಟಲಾರದ ಹೊಸ್ತಿಲನ್ನು ನಾನು ದಾಟಿದೆ. ಹಸಮುಖ ಎಸೆಯದೇ ಇದ್ದರೆ ನಾನು ಇಂದಿಗೂ ಆ ಕಪಾಟಿನಲ್ಲಿ ಬಳ್ಳಿಯಾಗಿಯೇ ಇರುತ್ತಿದ್ದೆ.

ಒಂದು ಹುಣ್ಣಿಮೆಯ ದಿನ ಆ ಮನೆಯಲ್ಲಿ ಸತ್ಯನಾರಾಯಣ ಕಥೆ ಆಯಿತು. ಹಿಂದಿನ ಓಣಿಯಿಂದ ನಯನಾಬೆನ್ ಎಂಬ ನಡುವಯಸ್ಸಿನ ಹೆಂಗಸು ಬಂದಿದ್ದಳು. ಮನೆಯಲ್ಲಿ ಹಪ್ಪಳ ಲಟ್ಟಿಸಿ ಮಾರುವವಳು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮುಖ ಮುಚ್ಚುವ ಹಾಗೆ ಸೆರಗು ಹೊದ್ದ ಸೊಸೆಯನ್ನು ಅವಳು ದೂರದಿಂದ ನೋಡಿದಳು, ಅಷ್ಟೇ. ಹೋಗುವಾಗ ಬಾ ಅವಳಿಗೆ ನನ್ನಲ್ಲಿ ಸಜ್ಜಿಗೆಯ ಪ್ರಸಾದ ತುಂಬಿಕೊಟ್ಟಳು.

ಮರುದಿನ ಬೆಳಿಗ್ಗೆ ನಯನಾಬೆನ್ ನನ್ನನ್ನು ಬಚ್ಚಲ ಕಟ್ಟೆಯ ಮೇಲಿಟ್ಟು ಬೂದಿ ಹಚ್ಚಿ ಉಜ್ಜಿದಳು. ನೀರು ಸುರಿದಳು. ಅವಳ ಕೈ ನಿಂತಿತು. ನನ್ನನ್ನು ಬಿಸಿಲಿಗೆ ತಿರುಗಿಸಿ, ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿದಳು. "ಫ... ಫಕ್ಕೀ... ಫಕ್ಕೀರವ್ವ." ಮತ್ತೆ ಮೊದಲಿನಿಂದ ಓದಿದಳು. ಮೂರನೆಯ ಸಲ ಓದುವಾಗ ತಡವರಿಸಲಿಲ್ಲ. ಆಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಅಳುತ್ತಲೇ ತನ್ನ ಕಥೆಯನ್ನು ನನಗೆ ಹೇಳಿಕೊಂಡಳು. ಈ ನಯನಾಬೆನ್ ಹುಟ್ಟಿದ್ದು ಹಾನಗಲ್ಲ ಕಡೆ. ಅವಳ ಅಪ್ಪ ಅಮ್ಮ ಇಟ್ಟ ಹೆಸರು ನಿಂಬೆವ್ವ. ಇಪ್ಪತ್ತೆರಡು ವರ್ಷದ ಹಿಂದೆ ಅವಳೂ ಹೀಗೆಯೇ ರೈಲು ಹತ್ತಿ ಬಂದವಳು.

ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಅಲ್ಲಿಯೂ ಇಲ್ಲಿಯೂ ಒಂದೇ. ನಿಂಬೆವ್ವ ನನ್ನ ತಳದಲ್ಲಿ ಒಂದು ಪುಡಿಯ ಗಂಟು ಇಟ್ಟಳು, ಅದರ ಮೇಲೆ ಬಾಗೆ ಇಷ್ಟವಾದ ಹಪ್ಪಳ ಜೋಡಿಸಿ ತಂದುಕೊಟ್ಟಳು, ಪುಡಿ ದಕ್ಷಿಣದ ಸೊಸೆಗೆ ಎಂದಳು. ಬಾ ಹಪ್ಪಳ ತೆಗೆದುಕೊಂಡು, ಗಂಟು ಮೂಸಿ ಮುಖ ಸಿಂಡರಿಸಿದಳು. "ಇದೇನು ಕರಿ ಪುಡಿ? ನಿಮ್ಮ ದಕ್ಷಿಣದವರು ತಿನ್ನುವುದಂತೆ. ನೀನೇ ತಿನ್ನು."

ಅದು ಗುರೆಳ್ಳು ಚಟ್ನಿ. ಫಕ್ಕೀರವ್ವ ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡವಳು ಅಲ್ಲಿಯೇ ಒಲೆಯ ಮುಂದೆ ಕುಸಿದು ಕುಳಿತಳು. ಎರಡೂವರೆ ವರ್ಷದಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಗಂಟಿನ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಟಿ ಇತ್ತು. "ನಾ ನಿಂಬೆವ್ವ. ಹಾನಗಲ್ಲ ತಾಲೂಕ. ಹಿಂದಿನ ಓಣ್ಯಾಗ ಇರ್ತೀನಿ. ತಂಗಿ, ಆರಾಮ ಇದ್ದೀಯೇನು?"

ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಉತ್ತರ. ಜ್ವರ ಇದ್ದವರೂ ಆರಾಮ ಎನ್ನುತ್ತಾರೆ, ಮನೆ ಬಿದ್ದವರೂ ಆರಾಮ ಎನ್ನುತ್ತಾರೆ. ಫಕ್ಕೀರವ್ವ ಕ್ಯಾಲೆಂಡರಿನ ಹಾಳೆಯ ಚೂರು ಹರಿದಳು, ಪೆನ್ಸಿಲ್ಲಿನ ತುಂಡು ಹುಡುಕಿದಳು, ಬಹಳ ಹೊತ್ತು ಹಿಡಿದುಕೊಂಡು ಕುಳಿತಳು. ಕೊನೆಗೆ ಬರೆದದ್ದು ಎರಡೇ ಮಾತು: "ಆರಾಮ ಇಲ್ಲ."

ಮುಂದಿನ ವಾರ ಫಕ್ಕೀರವ್ವ ಅದರ ಮೇಲೆ ಥೇಪ್ಲಾ ಎಂಬ ಮೆಂತ್ಯದ ಚಪಾತಿ ಮುಚ್ಚಿದಳು, ಗುಡಿಗೆ ಹೊರಟ ಬಾ ತನ್ನ ಕೈಯಾರೆ ನನ್ನನ್ನು ನಿಂಬೆವ್ವನ ಮನೆಗೆ ಮುಟ್ಟಿಸಿದಳು. ಬಾಗೆ ನಾನು ಇವತ್ತಿಗೂ ಉಪಕಾರ ಹೇಳಬೇಕು. ಹಪ್ಪಳದ ಆಸೆಗೆ ಅವಳು ನನ್ನನ್ನು ಎಷ್ಟು ಸಲ ಹೊತ್ತಳು! ಹೋಗುವಾಗ ಥೇಪ್ಲಾ, ಬರುವಾಗ ಹಪ್ಪಳ, ಎರಡರ ಕೆಳಗೂ ಚೀಟಿ. "ಹೊಡೀತಾನೇನು?" "ಹೂಂ." "ಊರಿಗೆ ಹೋಗತೀಯೇನು? ನಾ ತಿಳಸ್ತೀನಿ."

ಆ ವಾರ ನನ್ನೊಳಗೆ ಬರೀ ಥೇಪ್ಲಾ ಹೋಯಿತು. ಹೊಂದಿಕೊಂಡು ಹೋಗು ಎಂದ ತಾಯಿಯ ಮನೆಗೆ ಯಾವ ಮುಖ ಹೊತ್ತು ಹೋಗುವುದು, ಮಾವನ ಮನೆಗೆ ಮತ್ತೆ ಭಾರವಾಗುವುದು ಹೇಗೆ, ಇದೇ ಅವಳ ಚಿಂತೆ. ಅವಳು ಪಾತ್ರೆ ತೊಳೆಯುತ್ತ ಒಬ್ಬಳೇ ಗೊಣಗುತ್ತಿದ್ದದ್ದನ್ನು ಕೇಳಿದವನು ನಾನೊಬ್ಬನೇ. ನೀನು ಯಾರಿಗೂ ಭಾರವಲ್ಲ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಡಬ್ಬಿಗೆ ಬಾಯಿ ಇದೆ, ಮಾತಿಲ್ಲ.

ಮಾತು ನಿಂಬೆವ್ವನಿಂದ ಬಂತು. ಮರುವಾರದ ಚೀಟಿ ಸ್ವಲ್ಪ ಉದ್ದವಿತ್ತು. "ನಿನ್ನ ಡಬ್ಬಿ ಮ್ಯಾಲೆ ಏನ ಬರದಾರ, ಒಂದ ಸಲ ಪೂರಾ ಓದ. ಬ್ಯಾಡಾದವರಿಗೆ ಯಾರೂ ಇಷ್ಟ ಉದ್ದ ಬರಸೂದಿಲ್ಲ. ನನ್ನ ಭಾಂಡೆದ ಮ್ಯಾಲೆ ಬರೇ ನನ್ನ ಹೆಸರ ಇತ್ತು, ಊರ ಇರಲಿಲ್ಲ. ನನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಅವ ಸಾಯೂತನಕ ಹೊಡಿಸಿಕೊಂಡೆ. ನೀ ಹೇಳ."

ಫಕ್ಕೀರವ್ವ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಿನವೂ ತೊಳೆಯುತ್ತಿದ್ದ ಹೊಟ್ಟೆಯನ್ನು ಆ ದಿನ ಓದಿದಳು. ಪ್ರೀತಿಯ ಕಾಣಿಕೆ ಎಂಬಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ತಡ ಮಾಡಲಿಲ್ಲ. "ಮಾವಗ ತಿಳಸ್ರಿ ಅಕ್ಕಾ," ಎಂದು ಬರೆದಳು.

ನಿಂಬೆವ್ವ ಹಾನಗಲ್ಲಿನ ತಮ್ಮನಿಗೆ ಫೋನ್ ಮಾಡಿದಳು. ನನ್ನ ಮೇಲಿನ ವಿಳಾಸವನ್ನು ಅವನಿಗೆ ಅಕ್ಷರಕ್ಕೆ ಅಕ್ಷರ ಓದಿ ಹೇಳಿದಳು. ತಮ್ಮ ಮೋಟಾರುಬೈಕು ಹತ್ತಿ ಕಲ್ಲಗೋನಾಳಕ್ಕೆ ಹೋದ. ಎಂಟನೆಯ ದಿನ ಮುದಕಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಆ ಪೇಟೆಯಲ್ಲಿ ಇಳಿದ. ನಿಂಬೆವ್ವ ಅಷ್ಟರಲ್ಲಿ ಮಹಿಳಾ ಸಹಾಯವಾಣಿಗೂ ಹೇಳಿದ್ದಳು. ಬೆಳಿಗ್ಗೆ ಹತ್ತು ಗಂಟೆಗೆ ಸಹಾಯವಾಣಿಯ ರೇಖಾಬೆನ್, ಒಬ್ಬಳು ಪೊಲೀಸ್ ಹೆಂಗಸು, ನಿಂಬೆವ್ವ, ಮುದಕಪ್ಪ ಎಲ್ಲರೂ ಬಾಗಿಲಲ್ಲಿ ನಿಂತರು. ಹಸಮುಖ ಅಂದು ರಜೆಯಲ್ಲಿದ್ದ.

"ಫಕ್ಕೀರವ್ವ ಎನ್ನುವವಳು ಇಲ್ಲಿದ್ದಾಳೆಯೇ?" ಎಂದು ರೇಖಾಬೆನ್ ಕೇಳಿದಳು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ," ಎಂದ ಹಸಮುಖ. "ಇವಳು ನನ್ನ ಹೆಂಡತಿ ಕೋಮಲ್. ಇಡೀ ಓಣಿಯನ್ನು ಕೇಳಿ. ಈ ಮುದುಕ ಯಾರೋ ನಮಗೆ ಗೊತ್ತಿಲ್ಲ. ಹುಡುಗಿಯರನ್ನು ಸಾಗಿಸುವವನಿರಬೇಕು."

ಓಣಿಯವರು ಹೌದು, ಕೋಮಲ್ ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದ ಹೆಸರು ಅದೊಂದೇ. ಆಧಾರ್ ಕೇಳಿದರೆ ಕಳೆದುಹೋಗಿದೆ ಎಂದ. ರೇಖಾಬೆನ್ ಅವಳ ಕಡೆಗೆ ತಿರುಗಿ, "ಮಗಳೇ, ನೀನೇ ಹೇಳು, ನಿನ್ನ ಹೆಸರೇನು?" ಎಂದಳು. ಹಸಮುಖ ಅವಳ ಪಕ್ಕದಲ್ಲೇ ನಿಂತಿದ್ದ. ಅವಳು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು ಗೋಡೆಗೆ ಸರಿದಳು. ಕಪಾಟಿನ ಮೇಲಿಂದ ನೋಡುತ್ತಿದ್ದ ನನಗೆ ಎಲ್ಲ ಮುಗಿಯಿತು ಎನಿಸಿತು. ಇವರು ಕ್ಷಮಿಸಿ ಎಂದು ಹೇಳಿ ಹೊರಟುಬಿಟ್ಟರೆ ಆಮೇಲೆ ಆ ಮನೆಯಲ್ಲಿ ಅವಳ ಗತಿ ಏನು?

ಆಗ ಅವಳು ಅಡುಗೆಮನೆಗೆ ಬಂದಳು. ನನ್ನನ್ನು ಎದೆಗವಚಿಕೊಂಡು ಹೊರಗೆ ಹೋದಳು. ಸೆರಗು ಹಿಂದಕ್ಕೆ ಸರಿಸಿದಳು, ಹುಬ್ಬಿನ ಗೆರೆ ಎಲ್ಲರಿಗೂ ಕಂಡಿತು. ನನ್ನ ಹೊಟ್ಟೆಯನ್ನು ರೇಖಾಬೆನ್ ಕಡೆ ತಿರುಗಿಸಿ, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. "ಚಿರಂಜೀವಿ ಸೌಭಾಗ್ಯವತಿ ಫಕ್ಕೀರವ್ವನ ಲಗ್ನಕ್ಕೆ..." ಮುಂದೆ ಸೋದರಮಾವನ ಹೆಸರು, ಆತನ ಅಪ್ಪನ ಹೆಸರು, ಅಡ್ಡಹೆಸರು, ಊರು, ಪೋಸ್ಟು, ತಾರೀಖು. ಪದ್ಮಣ್ಣನ ಹಟದ ಒಂದೊಂದು ಅಕ್ಷರವನ್ನೂ ಓದಿದಳು. ಲಗ್ನ ಎಂಬ ಮಾತು ಅಲ್ಲಿಯವರಿಗೂ ಗೊತ್ತು. ಬಾಗಿಲ ಬಳಿ ನೆರೆದವರು ನನ್ನನ್ನು ನೋಡಲು ಮುಂದೆ ಬಗ್ಗಿದರು.

ಮುದಕಪ್ಪ ಜೇಬಿನ ಮತದಾರರ ಚೀಟಿ ತೆಗೆದ. ರೇಖಾಬೆನ್‌ಗೆ ಕನ್ನಡ ಬಾರದು. ಆದರೂ ಚೀಟಿಯನ್ನು ನನ್ನ ಪಕ್ಕದಲ್ಲಿ ಹಿಡಿದು ಈ ಅಕ್ಷರ, ಆ ಅಕ್ಷರ ಎಂದು ಒಂದೊಂದನ್ನೇ ತಾಳೆ ನೋಡಿದಳು. "ಎರಡೂ ಒಂದೇ ಹೆಸರು," ಎಂದು ಹಸಮುಖನ ಮುಖ ನೋಡಿದಳು. "ಈಗ ಹೇಳಿ, ಈ ಮುದುಕ ಯಾರು?" ಪೊಲೀಸ್ ಹೆಂಗಸು ಕಪಾಟಿನ ಬೀಗದ ಕೈ ಕೇಳಿದಳು. ಕಳೆದುಹೋದ ಆಧಾರ್ ಅಲ್ಲಿಯೇ ಇತ್ತು.

"ಇಲ್ಲಿ ಇರುತ್ತೀಯೋ, ಹೋಗುತ್ತೀಯೋ?" ಎಂದು ರೇಖಾಬೆನ್ ಕೇಳಿದಳು.

"ಹೋಗುತ್ತೇನೆ," ಎಂದಳು ಅವರ ಮಾತಿನಲ್ಲೇ. ಆಮೇಲೆ ಮಾವನ ಕಡೆ ತಿರುಗಿ, "ಕರಕೊಂಡ ಹೋಗ್ತೀಯೇನ ಮಾವಾ?" ಎಂದಳು.

"ಹುಚ್ಚಿ," ಎಂದ ಮುದಕಪ್ಪ. "ಮತ್ಯಾಕ ಬಂದೇನಿ ಇಷ್ಟ ದೂರ? ನಡೀ, ಮನಿಗೆ ಹೋಗೂಣು." ಆತ ಟವೆಲ್ಲಿನಿಂದ ಮುಖ ಒರೆಸಿಕೊಂಡದ್ದು ಬೆವರಿಗಲ್ಲ.

ಹೊರಡುವಾಗ ಬಾ ಅಡ್ಡ ಬಂದು, "ಡಬ್ಬಿ ಇಟ್ಟು ಹೋಗು. ಅದು ಮನೆಯ ಪಾತ್ರೆ," ಎಂದಳು. ಫಕ್ಕೀರವ್ವ ನಿಂತು ಅವಳ ಮುಖ ನೋಡಿದಳು. "ಇದು ಬಳ್ಳಿ ಅಲ್ಲ ಬಾ, ನನ್ನ ಹೆಸರು," ಎಂದು ಹೇಳಿ ಜೀಪು ಹತ್ತಿದಳು. ನಿಂಬೆವ್ವ ಓಣಿಯ ತುದಿಯವರೆಗೂ ಜೀಪಿನ ಪಕ್ಕದಲ್ಲಿ ನಡೆದಳು. ತಿರುಗಿ ಬರುವ ರೈಲಿನಲ್ಲಿ ನನ್ನ ತುಂಬ ಅವಳ ಹಪ್ಪಳವಿತ್ತು.

ಊರಲ್ಲಿ ಮಾತು ಬರಲಿಲ್ಲವೇ? ಬಂತು. ತಾಯಿ ಎರಡು ದಿನ ಅತ್ತು ಮೂರನೆಯ ದಿನ ತಾನೇ ಮಾತಾಡುವವರ ಬಾಯಿ ಮುಚ್ಚಿಸಿದಳು. ಒಂದು ತಿಂಗಳಾದ ಮೇಲೆ ಫಕ್ಕೀರವ್ವ ನನ್ನನ್ನು ಎತ್ತಿಕೊಂಡು ಪದ್ಮಣ್ಣನ ಅಂಗಡಿಗೆ ಹೋದಳು. ಪದ್ಮಣ್ಣ ನೆಗ್ಗು ಸವರಿ ನೋಡಿ, "ಒಳಗಿಂದ ಬಡದ್ರ ಏಳತೈತಿ. ಆದ್ರ ಅಕ್ಷರ ಹರೀತಾವ," ಎಂದರು.

"ಹಂಗ ಇರ್ಲಿ ಬಿಡ್ರಿ. ನಾ ಅದಕ್ಕ ಬಂದಿಲ್ಲ. ನನಗ ಹೆಸರ ಹಾಕೂದ ಕಲಸ್ರಿ."

"ಹೆಣ್ಣಮಕ್ಕಳ ಯಾರೂ ಈ ಕೆಲಸ ಮಾಡಿಲ್ಲಲ್ಲವಾ."

"ನೀವ ಬರದದ್ದನ್ನ ಓದಿದವರು ಹೆಣ್ಣಮಕ್ಕಳ ಅದಾರಲ್ರಿ."

ಹನ್ನೊಂದು ವರ್ಷವಾಯಿತು. ಪದ್ಮಣ್ಣನಿಗೆ ಈಗ ಕಣ್ಣು ಸಾಲದು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾರೆ. ಹೆಸರು ಹಾಕುವವಳು ಫಕ್ಕೀರವ್ವ. ಕರೆಂಟಿನ ಮಷೀನು ಬಂದಿದೆ, ಜುಂಯ್ ಎಂದು ಅರ್ಧ ನಿಮಿಷದಲ್ಲಿ ಒಂದು ಸಾಲು. ಆದರೆ ಹಟ ಮಾತ್ರ ಗುರುವಿನದೇ: ಯಾರಿಗೆ, ಯಾರಿಂದ, ಯಾವ ಊರು, ಯಾವ ತಾರೀಖು. ಹುಡುಗಿ ಯಾವೂರಿಗೆ ಹೋಗುತ್ತಾಳೆ ಎಂದು ಅವಳು ಎಲ್ಲರನ್ನೂ ಕೇಳುತ್ತಾಳೆ. ದೂರದ ಊರು ಎಂದರೆ ಪಾತ್ರೆಯನ್ನು ಬೋರಲು ಹಾಕಿ ತಳದಲ್ಲಿ ಒಂದು ಫೋನ್ ನಂಬರು ಕೊರೆಯುತ್ತಾಳೆ. ಅದು ಅವಳದೇ ನಂಬರು. ಅದಕ್ಕೆ ಅವಳು ಯಾರನ್ನೂ ಕೇಳುವುದಿಲ್ಲ. ಕಂಪನಿಯ ಗುರುತು ಎಂದು ನೋಡಿದವರು ತಿಳಿದುಕೊಳ್ಳುತ್ತಾರೆ, ಹುಡುಗಿಗೆ ಮಾತ್ರ ಕಿವಿಯಲ್ಲಿ ಹೇಳಿರುತ್ತಾಳೆ.

ನನಗೂ ವಯಸ್ಸಾಯಿತು. ಮುಚ್ಚಳ ಎಲ್ಲಿ ಹೋಯಿತೋ, ಹಿಡಿಕೆ ಸಡಿಲವಾಗಿದೆ. ಹಿಟ್ಟು ತುಂಬುವ ಕೆಲಸ ಈಗ ಇಲ್ಲ. ಅವಳ ಮಷೀನಿನ ಪಕ್ಕದಲ್ಲಿ ಕುಳಿತು ಮೊಳೆ, ಪೆನ್ಸಿಲ್ಲು, ಚೀಟಿ ಇಟ್ಟುಕೊಂಡಿರುತ್ತೇನೆ. ಹೊಸ ಡಬ್ಬಿಗಳು ಥಳಥಳ ಹೊಳೆಯುತ್ತ ನನ್ನ ನೆಗ್ಗು ನೋಡಿ ನಗುತ್ತವೆ. ನಗಲಿ. ತಳದಲ್ಲಿ ನಂಬರು ಹೊತ್ತು ಅವು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಅವಕ್ಕಿನ್ನೂ ಗೊತ್ತಿಲ್ಲ. ಹೆಚ್ಚಿನವು ಸುಖವಾದ ಮನೆಗಳಲ್ಲಿ ಉಪ್ಪಿನಕಾಯಿ ತುಂಬಿಕೊಂಡು ಮುದಿಯಾಗಲಿ ಎಂಬುದೇ ನನ್ನ ಆಸೆ.

ನಿನ್ನೆ ಮಧ್ಯಾಹ್ನ ಫೋನು ಬಂತು. ಗುರುತಿಲ್ಲದ ನಂಬರು. ಫಕ್ಕೀರವ್ವ ಮಷೀನು ನಿಲ್ಲಿಸಿದಳು.

"ಆರಾಮ ಇದ್ದೀಯೇನವಾ?" ಎಂದಳು.

ಆ ಕಡೆಯಿಂದ ಸಣ್ಣ ದನಿ, "ಆರಾಮ ರೀ," ಎಂದಿತು.

ಅವಳು ಫೋನು ಇಡಲಿಲ್ಲ. ಮತ್ತೊಂದು ಸಲ, ನಿಧಾನವಾಗಿ ಕೇಳಿದಳು. "ಖರೇನ ಆರಾಮ ಇದ್ದೀಯೇನವಾ?"

ಆ ಕಡೆಯಿಂದ ಬಿಕ್ಕುವ ಸದ್ದು ಬಂತು. ಆಮೇಲೆ ಫಕ್ಕೀರವ್ವ ನನ್ನೊಳಗೆ ಕೈ ಹಾಕಿ ಪೆನ್ಸಿಲ್ಲು ತೆಗೆದಳು.

"ಅಳಬ್ಯಾಡ. ನಿನ್ನ ಹೆಸರ ಹೇಳ ಮೊದಲ. ಅವರ ಇಟ್ಟದ್ದಲ್ಲ, ನಿಂದು. ಬರಕೋತೀನಿ."